ಹಳೇ ಡಿ4: ಲೋಡ್ ಬಿದ್ದರೆ ಬಲಗಡೆ ಚೈನ್ ನಿಲ್ಲುತ್ತಿದೆ

ಸಕಲೇಶಪುರ ತೋಟ
ನಮ್ಮಲ್ಲಿ ತಾತನ ಕಾಲದ ಕ್ಯಾಟರ್‌ಪಿಲ್ಲರ್ ಡಿ4 ಬುಲ್ಡೋಜರ್ ಇದೆ. 7ಯು ಸೀರೀಸ್, ಪೋನಿ ಅನ್ನೋ ಪುಟ್ಟ ಪೆಟ್ರೋಲ್ ಎಂಜಿನ್‌ನಿಂದ ದೊಡ್ಡ ಎಂಜಿನ್ ಸ್ಟಾರ್ಟ್ ಮಾಡೋ ಗಾಡಿ. ಜಾಸ್ತಿ ದಿನ ಶೆಡ್‌ನಲ್ಲೇ ನಿಂತಿತ್ತು. ತೋಟದ ರಸ್ತೆ ಸರಿ ಮಾಡೋಣ ಅಂತ ಹೊರಗೆ ತೆಗೆದೆವು. ಖಾಲಿ ಓಡಿಸಿದರೆ ನೆಟ್ಟಗೆ ಹೋಗುತ್ತದೆ. ಬ್ಲೇಡ್‌ಗೆ ಮಣ್ಣು ತುಂಬಿದರೆ ಬಲಗಡೆ ಚೈನ್ ನಿಂತು ಗಾಡಿ ಬಲಕ್ಕೆ ಎಳೆಯುತ್ತದೆ. ಎಂಜಿನ್ ವೇಗ ಸ್ವಲ್ಪವೂ ಇಳಿಯಲ್ಲ. ಮೆಕ್ಯಾನಿಕ್ ಒಬ್ಬರು ಗೇರ್ ಬಾಕ್ಸ್ ಇಳಿಸಬೇಕು ಅಂತಿದ್ದಾರೆ. ಇಳಿಸೋದಾ?

ಅಡಿಕೆ ಗೌಡ
ಚೈನ್ ಬಿಗಿ ಇರಬಹುದು ನೋಡಿ.

ಡೋಜರ್ ಮಾಮ
ಬೇಡ ಮಾರಾಯ್ರೆ, ಗೇರ್ ಬಾಕ್ಸ್ ಮುಟ್ಟಬೇಡಿ. ಗೇರ್ ಬಾಕ್ಸ್, ಮೇನ್ ಕ್ಲಚ್, ಶಕ್ತಿಯನ್ನು ಎರಡೂ ಪಕ್ಕಕ್ಕೆ ತಿರುಗಿಸೋ ಕ್ರೌನ್ ಪಿನಿಯನ್ ಇವೆಲ್ಲ ಎರಡೂ ಚೈನ್‌ಗೆ ಸೇರಿದ್ದು. ಅಲ್ಲಿ ಕೆಟ್ಟಿದ್ದರೆ ಎಡಗಡೆಯೂ ನಿಲ್ಲಬೇಕಿತ್ತು, ಅಲ್ವಾ? ಒಂದೇ ಕಡೆ ನಿಂತರೆ ಕ್ರೌನ್ ಆದ ಮೇಲೆ ಹುಡುಕಬೇಕು: ಸ್ಟೀರಿಂಗ್ ಕ್ಲಚ್ (ಆ ಕಡೆ ಚೈನ್‌ಗೆ ಶಕ್ತಿ ಕೊಡೋದು, ಬಿಡಿಸೋದು), ಬ್ರೇಕ್, ಫೈನಲ್ ಡ್ರೈವ್ (ಚೈನ್ ತಿರುಗಿಸೋ ಕೊನೆಯ ಗೇರ್).

ಲೋಡ್ ಕೊಟ್ಟಾಗ ಒಬ್ಬರು ದೂರ ನಿಂತು ಬಲಗಡೆ ಸ್ಪ್ರಾಕೆಟ್, ಅಂದ್ರೆ ಚೈನ್ ಎಳೆಯೋ ಹಲ್ಲಿನ ಚಕ್ರ, ನೋಡಲಿ. ಸ್ಪ್ರಾಕೆಟ್ ತಿರುಗಿ ಚೈನ್ ಹಾರುತ್ತಿದ್ದರೆ ಹಲ್ಲು ಸವೆದಿದೆ, ಇಲ್ಲಾ ಚೈನ್ ಸಡಿಲ. ಗೌಡ್ರೆ, ಬಿಗಿ ಚೈನ್ ಖಾಲಿ ಓಡುವಾಗಲೂ ಎಳೆಯುತ್ತೆ. ಇಲ್ಲಿ ಹಾಗಿಲ್ಲ. ಸ್ಪ್ರಾಕೆಟ್ಟೇ ನಿಂತು, ಹಲ್ಲು ಮುರಿದ ಟಕ್ ಟಕ್ ಸದ್ದೂ ಇಲ್ಲ ಅಂದ್ರೆ ನನ್ನ ಅನುಮಾನವೆಲ್ಲ ಸ್ಟೀರಿಂಗ್ ಕ್ಲಚ್ ಮೇಲೆ.

ಆಮೇಲೆ ಬಲಗಡೆ ಸ್ಟೀರಿಂಗ್ ಲಿವರ್ ಹಿಡಿದು ನೋಡಿ. ಎಳೆಯೋಕೆ ಮುಂಚೆ ಸ್ವಲ್ಪ ಆಟ ಇರಬೇಕು. ಆಟ ಇಲ್ಲದಿದ್ದರೆ ಕ್ಲಚ್ ಅರ್ಧ ಬಿಟ್ಟಂತೆಯೇ ಇರುತ್ತದೆ. ಖಾಲಿಗೆ ಹಿಡಿಯುತ್ತದೆ, ಲೋಡಿಗೆ ಜಾರುತ್ತದೆ. ಲಿಂಕೇಜ್ ಅಡ್ಜಸ್ಟ್ ಮಾಡಿದರೆ ಮುಗೀತು. ಬ್ರೇಕ್ ಬ್ಯಾಂಡ್ ಕಚ್ಚಿಕೊಂಡಿದ್ದರೂ ಆ ಕಡೆ ಚೈನ್‌ಗೆ ತಡೆ ಆಗುತ್ತದೆ. ಓಡಿಸಿದ ಮೇಲೆ ಎರಡೂ ಕಡೆ ಬ್ರೇಕಿನ ಕವರ್ ಮುಟ್ಟಿ ನೋಡಿ, ಬಲಗಡೆ ಮಾತ್ರ ಕಾದಿದ್ದರೆ ಬ್ಯಾಂಡ್ ಸಡಿಲ ಮಾಡಿ.

ಇದೆರಡೂ ಸರಿ ಇದ್ದರೆ ಕ್ಲಚ್ ಕೋಣೆಯ ಕೆಳಗಿನ ಡ್ರೈನ್ ಪ್ಲಗ್ ಬಿಚ್ಚಿ. ಡ್ರೈ ಕ್ಲಚ್, ಅಲ್ಲಿ ಎಣ್ಣೆ ಇರಬಾರದು.

ಸಕಲೇಶಪುರ ತೋಟ
ಸ್ಪ್ರಾಕೆಟ್ಟೇ ನಿಲ್ಲುತ್ತದೆ. ಲಿವರ್‌ನಲ್ಲಿ ಆಟ ಇದೆ, ಬಿಸಿಯೂ ಇಲ್ಲ. ಪ್ಲಗ್ ಬಿಚ್ಚಿದರೆ ಕಪ್ಪು ಎಣ್ಣೆ ಸುರಿಯಿತು, ಹತ್ತಿರತ್ತಿರ ಒಂದು ಲೀಟರ್.

ಡೋಜರ್ ಮಾಮ
ಸಿಕ್ಕಿತಲ್ಲ. ಪ್ಲೇಟಿಗೆಲ್ಲ ಎಣ್ಣೆ ಕೂತಿದೆ. ಪ್ಲಗ್ ಹಾಕಿ ಸೀಮೆಎಣ್ಣೆ ತುಂಬಿಸಿ, ಲಿವರ್ ಮುಟ್ಟದೆ ಹಿಂದೆ ಮುಂದೆ ಓಡಿಸಿ, ಬಸಿದುಬಿಡಿ. ಎರಡನೇ ಸಲ ತುಂಬಿಸಿ, ಲಿವರ್ ಎಳೆದು ಬಿಟ್ಟು ಮಾಡಿ ಪ್ಲೇಟ್ ಮಧ್ಯೆ ಹೋಗೋ ಹಾಗೆ ತೊಳೆಯಿರಿ. ಎಂಜಿನ್ ತಣ್ಣಗಿರುವಾಗ ತುಂಬಿ, ಹತ್ತಿರ ಬೀಡಿ ಹಚ್ಚೋರು ಇರಬಾರದು. ಪೂರ್ತಿ ಆರಿದ ಮೇಲೇ ಲೋಡ್ ಕೊಡಿ.

ತೊಳೆದರೆ ಸದ್ಯಕ್ಕೆ ಹಿಡಿಯುತ್ತದೆ. ಆದರೆ ಎಣ್ಣೆ ಎಲ್ಲಿಂದ ಬಂತು ಅನ್ನೋದು ಮುಖ್ಯ. ಕ್ರೌನ್ ಕೇಸಿನ ಸೀಲ್ ಸೋರಿರಬೇಕು, ಇಲ್ಲಾ ಫೈನಲ್ ಡ್ರೈವ್‌ನದ್ದು. ಎರಡರ ಎಣ್ಣೆ ಮಟ್ಟವನ್ನೂ ಈಗಲೇ ನೋಡಿ, ಯಾವುದು ಇಳಿದಿದೆಯೋ ಸೀಲ್ ಅದರದ್ದು. ಫೈನಲ್ ಡ್ರೈವ್ ಎಣ್ಣೆ ಬಸಿದಾಗ ಮ್ಯಾಗ್ನೆಟ್ ಆಡಿಸಿ, ಮಿಣಮಿಣ ಪುಡಿ ಪರವಾಗಿಲ್ಲ, ಚೂರು ಬಂದರೆ ಬೇರಿಂಗ್ ನೋಡಲೇಬೇಕು. ಸೀಲ್ ಹಾಕೋಕೆ ಹೇಗೂ ಕ್ಲಚ್ ಹೊರಗೆ ಬರಬೇಕು, ಪ್ಲೇಟ್‌ಗಳನ್ನೂ ಆಗಲೇ ಬದಲಾಯಿಸಿ. ಅಷ್ಟು ಬಿಚ್ಚಿ ಹಳೇ ಪ್ಲೇಟ್ ಹಾಕೋದು ಸುಮ್ನೆ ದಂಡ.