ಸಹಾಯ ಬೇಕು: ಸಾಕುತ್ತಿರುವ ಅಜ್ಜಿ, ಹುಡುಗಿಯ ಬ್ಯಾಂಕ್ ಖಾತೆ

ನಮಸ್ಕಾರ. ನಮ್ಮದು ಗಂಗಾವತಿ. ನಮ್ಮ ಓಣಿಯ ಅಜ್ಜಿಯೊಬ್ಬರು ತಂದೆ-ತಾಯಿ ಇಲ್ಲದ ಪಕ್ಕದ ಮನೆ ಹುಡುಗಿಯನ್ನು ಸಾಕುತ್ತಿದ್ದಾರೆ. ರಕ್ತಸಂಬಂಧ ಇಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಪೋಷಕತ್ವ ಆದೇಶ ಅಜ್ಜಿ ಹೆಸರಿಗೇ ಇದೆ.

ಮಕ್ಕಳ ರಕ್ಷಣೆಯ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಹುಡುಗಿಗೆ ತಿಂಗಳಿಗೆ 4,000 ರೂಪಾಯಿ ಬರಬೇಕು. ಮೊದಲು ಇಬ್ಬರ ಹೆಸರಿನ ಜಂಟಿ ಖಾತೆ ತನ್ನಿ ಅಂತಾರೆ ಕಚೇರಿಯವರು. ಬ್ಯಾಂಕಿನವರು ಕೋರ್ಟಿನ ಗಾರ್ಡಿಯನ್ ಆದೇಶ ಕೇಳ್ತಾರೆ. ಸುಮ್ನೆ ಓಡಾಟ.

ಅಜ್ಜಿ ಜೋರಿದ್ದಾರೆ. ರೊಟ್ಟಿ ಮಾರಿ ಮನೆ ನಡೆಸುತ್ತಾರೆ. ಓದು ಬರಲ್ಲ, ಆದರೂ ಸೀರೆ ಅಂಗಡಿ ಕವರಿನಲ್ಲಿರುವ ಜೆರಾಕ್ಸ್‌ಗಳಲ್ಲಿ ಯಾವುದು ಯಾವ ಟೇಬಲ್ಲಿಗೆ ಅಂತ ಸೀಲು ನೋಡೇ ಹೇಳುತ್ತಾರೆ. ಆಗಲ್ಲ ಅನ್ನೋದನ್ನ ಬರೆದು ಕೊಡಿ ಅಂತ ಮ್ಯಾನೇಜರನ್ನೇ ಕೇಳಿದರು. ಕೊಡಲಿಲ್ಲ ಬಿಡಿ.

ಕೋರ್ಟ್ ಆದೇಶ ಇಲ್ಲದೆ, ಸಮಿತಿಯ ಆದೇಶದ ಮೇಲೇ ಇಂಥ ಖಾತೆ ತೆರೆದವರು ಇದ್ದೀರಾ? ಬ್ಯಾಂಕಿಗೆ ಯಾವ ಕಾಗದ ತೋರಿಸಿದಿರಿ?