ಒಂದೇ ಫೋನು, ಮೂರು ಮಕ್ಕಳು: ಕೊರೊನಾ ಕಾಲದಲ್ಲಿ ತಪ್ಪಿದ ಪಾಠವನ್ನು ಈಗ ಎಲ್ಲಿಂದ ಹಿಡಿಯಲಿ?

ಹೊಲಿಗೆ ಅಕ್ಕ, ದಾವಣಗೆರೆ

ನಮಸ್ಕಾರ. ನನಗೆ ಮೂವರು ಮಕ್ಕಳು. ಶಾಲೆ ಮುಚ್ಚಿದ್ದ 2020-21ರಲ್ಲಿ ದೊಡ್ಡವಳು ಎಸ್ಸೆಸ್ಸೆಲ್ಸಿ, ಮಧ್ಯದವನು ಆರನೇ ಕ್ಲಾಸು, ಚಿಕ್ಕವಳು ಒಂದನೇ ಕ್ಲಾಸು. ಯಜಮಾನರು ಎಪಿಎಂಸಿಯಲ್ಲಿ ಹಮಾಲಿ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಆಗ ಇದ್ದದ್ದು ಒಂದೇ ಟಚ್ ಫೋನು. ಅದು ದೊಡ್ಡವಳ ಪಾಲಾಯಿತು. ಇವಳದ್ದು ಮುಗಿಯಲಿ, ಚಿಕ್ಕವರದ್ದು ಆಮೇಲೆ ನೋಡೋಣ ಅಂದುಕೊಂಡೆವು.

ಚಿಕ್ಕವಳು ಒಂದನೇ ಕ್ಲಾಸಿನ ಕೋಣೆಯಲ್ಲಿ ಒಂದು ದಿನವೂ ಕೂರಲಿಲ್ಲ. ನನ್ನ ಮಿಷನ್ ಪಕ್ಕ ಕೂತು ಬಟ್ಟೆ ಚೂರಿನ ಜೊತೆ ಆಡುತ್ತಿದ್ದಳು. 2021ರ ಅಕ್ಟೋಬರ್ 25ಕ್ಕೆ ಚಿಕ್ಕ ಮಕ್ಕಳ ಶಾಲೆ ತೆರೆದಾಗ ಅವಳು ಆಗಲೇ ಎರಡನೇ ಕ್ಲಾಸು. ಈಗ ಆರನೇ ಕ್ಲಾಸು. "ವರ್ಷ" ಅನ್ನೋದನ್ನು "ವಷರ" ಅಂತ ಓದುತ್ತಾಳೆ. "ಪುಸ್ತಕ" ಬರಿ ಅಂದರೆ "ಪುಸಕ". ಅಂಗಡಿಗೆ ಕಳಿಸಿದರೆ ಚಿಲ್ಲರೆಯಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ. ನನ್ನ ಮಗಳು ದಡ್ಡಿ ಅಲ್ಲ. ಆದರೆ ಕ್ಲಾಸಿನಲ್ಲಿ ಎದ್ದು ಓದುವ ಸರದಿ ಬರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು ಅನ್ನುತ್ತಾಳೆ.

ಮಧ್ಯದವನ ಕಥೆ ಬೇರೆ. ಹಿಂದಿ ಶುರುವಾಗುವುದೇ ಆರನೇ ಕ್ಲಾಸಿನಿಂದ. ಅಕ್ಷರ ತಿದ್ದುವ ವರ್ಷ ಶಾಲೆ ಸರಿಯಾಗಿ ನಡೆಯಲೇ ಇಲ್ಲ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಹಿಂದಿ ಅಂತೂ ದಾಟಿದ.

ದೊಡ್ಡವಳ ಎಸ್ಸೆಸ್ಸೆಲ್ಸಿ 2021ರ ಜುಲೈ 19 ಮತ್ತು 22, ಎರಡೇ ದಿನದಲ್ಲಿ ಮುಗಿಯಿತು. ಸರಿಯಾದ ಉತ್ತರದ ವೃತ್ತಕ್ಕೆ ಪೆನ್ನಿನಿಂದ ಬಣ್ಣ ತುಂಬುವುದು ಅಷ್ಟೇ. ಅಂಕ ಚೆನ್ನಾಗಿ ಬಂತು. ಪಿಯುಸಿಯಲ್ಲಿ ಒಂದು ಪುಟದ ಉತ್ತರ ಬರಿ ಅಂದಾಗ ಕೈ ಓಡಲಿಲ್ಲ, ಅತ್ತುಬಿಟ್ಟಳು.

ಫೋನನ್ನು ದೊಡ್ಡವಳಿಗೆ ಕೊಟ್ಟಿದ್ದು ತಪ್ಪಾಯಿತಾ? ಚಿಕ್ಕವಳನ್ನು ಟ್ಯೂಷನ್‌ಗೆ ಹಾಕಿದ್ದೇನೆ. ಅಲ್ಲಿ ಆರನೇ ಕ್ಲಾಸಿನ ಪ್ರಶ್ನೋತ್ತರ ಬಾಯಿಪಾಠ ಮಾಡಿಸುತ್ತಾರೆ. ಓದು ಮಾತ್ರ ಹಾಗೇ ಇದೆ. ಏನು ಮಾಡಲಿ?

ನಲಿಕಲಿ ಮೇಷ್ಟ್ರು, ಚಳ್ಳಕೆರೆ ತಾಲ್ಲೂಕು

ಅಕ್ಕ, ಫೋನ್ ವಿಚಾರಕ್ಕೆ ಕೊರಗಬೇಡಿ. ಕೊಟ್ಟಿದ್ದರೂ ಒಂದನೇ ಕ್ಲಾಸಿನ ಮಗು ಅದರಲ್ಲಿ ಅಕ್ಷರ ಕಲಿಯುತ್ತಿರಲಿಲ್ಲ. ಆ ವಯಸ್ಸಿಗೆ ಪಕ್ಕದಲ್ಲಿ ಕೂತು ಕೈ ಹಿಡಿದು ತಿದ್ದಿಸುವವರು ಬೇಕು. 2020ರ ಆಗಸ್ಟ್‌ನಲ್ಲಿ, ಮಕ್ಕಳಿರುವ ಕಡೆಗೇ ಮೇಷ್ಟ್ರು ಹೋಗಿ ಪಾಠ ಮಾಡುವ ಸರ್ಕಾರದ ವಿದ್ಯಾಗಮ ಶುರುವಾದಾಗ ನಾನು ಮಾರಮ್ಮನ ಗುಡಿ ಕಟ್ಟೆಯ ಮೇಲೆ ಪಾಠ ಮಾಡುತ್ತಿದ್ದೆ. ದೊಡ್ಡ ಮಕ್ಕಳು ಕೆಲಸ ಕೊಟ್ಟರೆ ಮಾಡಿಕೊಂಡು ಬರುತ್ತಿದ್ದರು. ಚಿಕ್ಕವರು ನಾನು ಎದ್ದು ಹೋದ ತಕ್ಷಣ ಸ್ಲೇಟು ಕೆಳಗಿಡುತ್ತಿದ್ದರು. ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಕಲಿತದ್ದೂ ಹೋಯಿತು ಅನ್ನೋದು ಇನ್ನೊಂದು ನೋವು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ 5 ರಾಜ್ಯಗಳಲ್ಲಿ, 2ರಿಂದ 6ನೇ ತರಗತಿಯ 16,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಕೌಶಲ ಶೇ 92ರಷ್ಟು ಮಕ್ಕಳಿಗೆ ಮರೆತಿತ್ತು. ಲೆಕ್ಕದಲ್ಲಿ ಶೇ 82. 2022-23ರಲ್ಲಿ ಕಲಿಕಾ ಚೇತರಿಕೆ ಅಂತ ವರ್ಷವಿಡೀ ಹಿಂದಿನ ಪಾಠ ಹಿಡಿದೆವು. ತುಂಬಾ ಮಕ್ಕಳು ಮೇಲೆ ಬಂದರು. ಎಲ್ಲರೂ ಬರಲಿಲ್ಲ.

ಈಗ ನಿಮ್ಮ ಮಗಳ "ವಷರ". ಅವಳು ಕಣ್ಣಿಗೆ ಕಂಡ ಸಾಲಿನಲ್ಲೇ ಓದುತ್ತಿದ್ದಾಳೆ. ಅರ್ಕಾವತ್ತನ್ನು ಬರೆಯುವುದು ಷ ಆದ ಮೇಲೆ, ಓದುವುದು ಷಕ್ಕಿಂತ ಮೊದಲು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಆರನೇ ಕ್ಲಾಸಿನ ಪುಸ್ತಕ ಪಕ್ಕಕ್ಕಿಡಿ. ಮೊದಲ ವಾರ ಅಕ್ಕ, ಅಜ್ಜಿ, ಹಳ್ಳ, ಬೆಣ್ಣೆ. ಆಮೇಲೆ ರಸ್ತೆ, ಪುಸ್ತಕ. ಅರ್ಕಾವತ್ತು ಕೊನೆಗೆ. ದಿನಕ್ಕೆ ಹದಿನೈದು ನಿಮಿಷ ಸಾಕು. ಅಣ್ಣ, ಅಕ್ಕನ ಎದುರಿಗೆ ಬೇಡ, ನೀವಿಬ್ಬರೇ ಇರುವಾಗ ಗಟ್ಟಿಯಾಗಿ ಓದಿಸಿ. ಬಸ್ಸಿನ ಬೋರ್ಡು ಓದಿಸಿ. "ಚಿತ್ರದುರ್ಗ" ಅನ್ನೋ ಒಂದೇ ಹೆಸರಿನಲ್ಲಿ ರ ಒತ್ತೂ ಇದೆ, ಅರ್ಕಾವತ್ತೂ ಇದೆ.

ನನ್ನ ಅನುಭವದಲ್ಲಿ ಚಿಕ್ಕವರಿಗೇ ಪೆಟ್ಟು ಜಾಸ್ತಿ. ಓದು ಬಂದ ಮಗು ತಪ್ಪಿದ ಪಾಠವನ್ನು ಯಾವಾಗಲಾದರೂ ಓದಿಕೊಳ್ಳಬಹುದು.

ಹಿರಿಯೂರಿನವನು

ಮೇಷ್ಟ್ರೇ, ಕೊನೆಯ ಮಾತು ನಾನು ಒಪ್ಪುವುದಿಲ್ಲ. ನಾನು ಆ ವರ್ಷ ಸೆಕೆಂಡ್ ಪಿಯುಸಿ. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಇತ್ತು. ಈ ಸಲ ಸರಿ ಮಾಡಬೇಕು ಅಂತ ಹಟ ಹಿಡಿದು ಓದಿದ್ದೆ. ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿಯಿಂದ ಶೇ 45, ಫಸ್ಟ್ ಪಿಯುಸಿಯಿಂದ ಶೇ 45, ಆಂತರಿಕ ಅಂಕದಿಂದ ಶೇ 10 ತೆಗೆದುಕೊಂಡು ಫಲಿತಾಂಶ ಕೊಟ್ಟರು. ಓದಿದ ವರ್ಷಕ್ಕೆ ಬೆಲೆ ಬರಲಿಲ್ಲ, ಓದದ ವರ್ಷ ಬೆನ್ನು ಬಿಡಲಿಲ್ಲ. ಆಗಿನ ಪರಿಸ್ಥಿತಿ ನನಗೆ ಅರ್ಥವಾಗುತ್ತದೆ. ಆದರೂ ಬೇಕಾದ ಕಾಲೇಜು ತಪ್ಪಿತು. ನನ್ನ ಜೊತೆ ಓದಿದ ಇಬ್ಬರು ಗಾರೆ ಕೆಲಸಕ್ಕೆ ಹೋದವರು ವಾಪಸ್ ಬರಲೇ ಇಲ್ಲ. ಓದು ಬರುತ್ತಿತ್ತು ಅವರಿಗೆ. ಕೈಗೆ ಕೂಲಿ ಸಿಕ್ಕ ಮೇಲೆ ಬೆಂಚಿಗೆ ಮರಳುವುದು ಸುಲಭವಲ್ಲ. ಅಕ್ಕ, ನಿಮ್ಮ ದೊಡ್ಡ ಮಗಳು ಓದು ಬಿಡಲಿಲ್ಲ ಅಲ್ವಾ, ಅದಕ್ಕೆ ಆ ಫೋನೂ ಒಂದು ಕಾರಣ ಇರಬಹುದು.

ಅಂಗನವಾಡಿ ಟೀಚರ್, ಜಗಳೂರು ತಾಲ್ಲೂಕು

ನಮ್ಮ ಕೇಂದ್ರ ತೆರೆದದ್ದು 2021ರ ನವೆಂಬರ್ 8ಕ್ಕೆ. ಅಲ್ಲಿವರೆಗೆ ರೇಷನ್ ಮನೆಗೆ ಕೊಟ್ಟು ಬರುತ್ತಿದ್ದೆವು. ಹಾಡು, ಕಥೆ ಎಲ್ಲಾ ನಿಂತಿತ್ತು. ತೆರೆದ ಮೇಲೆ ಬಂದ ಮಕ್ಕಳು ಪಕ್ಕದ ಮಗುವಿನ ಜೊತೆ ಆಟಿಕೆ ಹಂಚಿಕೊಳ್ಳುವುದಿರಲಿ, ಅಮ್ಮನ ಸೆರಗೇ ಬಿಡುತ್ತಿರಲಿಲ್ಲ. ಹೊಟ್ಟೆನೋವನ್ನು ನಾಟಕ ಅನ್ನಬೇಡಿ ಅಕ್ಕ. ಹೆದರಿಕೆಗೆ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ. ಓದಿಸುವ ಸರದಿ ಸ್ವಲ್ಪ ದಿನ ಬಿಡಿ ಅಂತ ಕ್ಲಾಸ್ ಟೀಚರ್ ಹತ್ತಿರ ಕೇಳಿ ನೋಡಿ.

ಹೊಲಿಗೆ ಅಕ್ಕ, ದಾವಣಗೆರೆ

ಐದು ವಾರ ಆಯಿತು, ಹೇಳಿ ಹೋಗೋಣ ಅಂತ ಬಂದೆ. ಟೀಚರ್ ಒಪ್ಪಿದರು, ಪಾಪ ಒಳ್ಳೆಯವರು. ಮಧ್ಯಾಹ್ನ ಮಿಷನ್ ನಿಲ್ಲಿಸಿ ಅವಳ ಜೊತೆ ಕೂರುತ್ತೇನೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಾನು ಕೇಳದೆಯೇ "ಚಿತ್ರದುರ್ಗ" ಓದಿದಳು. ಆಮೇಲೆ "ತೀರ್ಥಹಳ್ಳಿ". ನನಗೆ ಮಾತೇ ಬರಲಿಲ್ಲ.

ಮೇಷ್ಟ್ರೇ, ಇನ್ನೊಂದು ಕೇಳಬೇಕು. ಮಗ ಈಗ ಫಸ್ಟ್ ಪಿಯುಸಿ ಕಾಮರ್ಸ್. ಭಿನ್ನರಾಶಿ ಬಂದರೆ ನಿಂತುಬಿಡುತ್ತಾನೆ. ನನ್ನ ಟೇಪಿನಲ್ಲಿ ಕಾಲು ಇಂಚು, ಮುಕ್ಕಾಲು ಇಂಚು ಥಟ್ ಅಂತ ತೋರಿಸುತ್ತಾನೆ, ಹಾಳೆಯ ಮೇಲೆ ಬರೆದರೆ ಗೊತ್ತಾಗಲ್ಲ. ಆರನೇ ಕ್ಲಾಸಿನ ಪುಸ್ತಕ ತರಲಾ?

ನಲಿಕಲಿ ಮೇಷ್ಟ್ರು, ಚಳ್ಳಕೆರೆ ತಾಲ್ಲೂಕು

ಐದನೇದು ತನ್ನಿ ಅಕ್ಕ. ಅದಕ್ಕೂ ಮೊದಲು ಟೇಪು ಕೈಗೆ ಕೊಟ್ಟು, ಅವನು ಬೆರಳಿಟ್ಟ ಜಾಗವನ್ನು ಅವನ ಕೈಯಲ್ಲೇ ಹಾಳೆಗೆ ಬರೆಸಿ.