ಐವತ್ತು ದಾಟಿದವರ ಪಿಕಲ್‌ಬಾಲ್: ಪೆಟ್ಟಾಗದಂತೆ ಆಡುವುದು ಹೇಗೆ?

ಕಾಳಿ ತೀರ, ಕಾರವಾರ
ನಮ್ಮ ಬಡಾವಣೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲೇ ನೆಟ್ ಇಳಿಸಿಕೊಂಡು ಪಿಕಲ್‌ಬಾಲ್ ಆಡುತ್ತೇವೆ, ಅಂದರೆ ಪ್ಯಾಡಲ್ ಎಂಬ ಗಟ್ಟಿ ಬ್ಯಾಟಿನಿಂದ ತೂತಿನ ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ. ಗೆರೆ ಹೇಗೂ ಒಂದೇ ಅಳತೆ, 44 ಅಡಿ ಉದ್ದ, 20 ಅಡಿ ಅಗಲ. ಹೆಚ್ಚಿನವರು ಐವತ್ತು ದಾಟಿದವರು. ಮೊನ್ನೆ ತಲೆ ಮೇಲೆ ಹೋದ ಚೆಂಡು ಹಿಡಿಯಲು ಒಬ್ಬರು ಹಿಮ್ಮುಖವಾಗಿ ಓಡಿ, ಕೈಯೂರಿ ಬಿದ್ದರು. ಮಣಿಕಟ್ಟು ಮುರಿದಿದೆ. ಈಗ ಅರ್ಧ ಜನ ‘ಈ ವಯಸ್ಸಿಗೆ ಇದೆಲ್ಲ ಬೇಡ’ ಅನ್ನುತ್ತಿದ್ದಾರೆ. ನನಗೆ ಆಟ ಬಿಡಲು ಮನಸ್ಸಿಲ್ಲ. ಏನು ಮಾಡೋಣ?

ಕುಮಟಾ ಶಟಲ್
ಬಿಡುವ ಮಾತೇ ಬೇಡ ಮಾರಾಯ್ರೆ. ವಾರ್ಮ್‌ಅಪ್ ಇಲ್ಲದೆ ಇಳಿದರೆ ಹೀಗೇ ಆಗುವುದು. ಹತ್ತು ನಿಮಿಷ ಮೈ ಬಿಸಿ ಮಾಡಿಕೊಳ್ಳಿ, ಸಾಕು.

ಹೊನ್ನಾವರ ಫಿಸಿಯೋ
ಸಾಕಾಗುವುದಿಲ್ಲ. ವಾರ್ಮ್‌ಅಪ್ ಬೇಕೇ ಬೇಕು, ಮೀನಖಂಡ ಹಿಡಿದುಕೊಳ್ಳುವುದು ಕಡಿಮೆಯಾಗುತ್ತದೆ. ಆದರೆ ಅವರು ಬಿದ್ದದ್ದು ಹಿಮ್ಮುಖ ಓಟದಿಂದ. ಕಣ್ಣು ಮೇಲೆ, ಭಾರ ಹಿಮ್ಮಡಿ ಮೇಲೆ, ಒಂದು ಹೆಜ್ಜೆ ತಪ್ಪಿದರೂ ತಡೆಯಲು ಆಗುವುದಿಲ್ಲ. ಮೊದಲು ಮೈ ತಿರುಗಿಸಿ, ಆಮೇಲೆ ಓಡಿ. ಡಬಲ್ಸ್ ಆದರೆ ಜೊತೆಗಾರರು ಓರೆಯಾಗಿ ಓಡಿ ಬಂದು ತೆಗೆಯಲಿ. ಸಿಗದ ಚೆಂಡು ಬಿಟ್ಟುಬಿಡಿ. ಇನ್ನೊಂದು, ಗೆರೆ ಒಂದೇ ಆದರೂ ಗೆರೆಯ ಹೊರಗೂ ಜಾಗ ಬೇಕಲ್ವಾ? ಸುತ್ತಲಿನದ್ದೂ ಸೇರಿ ಕನಿಷ್ಠ 60 ಅಡಿ ಉದ್ದ, 30 ಅಡಿ ಅಗಲ ಇರಬೇಕು. ನಿಮ್ಮಲ್ಲಿ ಹಿಂದೆಯೇ ಗೋಡೆ ಇದ್ದರೆ ಲಾಬ್ (ಎದುರಾಳಿಯ ತಲೆ ಮೇಲಿಂದ ಹಿಂದಕ್ಕೆ ಎತ್ತಿ ಹೊಡೆಯುವುದು) ಹೊಡೆಯುವುದೇ ಬೇಡ ಎಂದು ಮಾತಾಡಿಕೊಳ್ಳಿ.

ಶಿರಸಿ ಹಿಸ್ಸಾ
ಶೂ ಬಗ್ಗೆ ಯಾರೂ ಹೇಳಲಿಲ್ಲ. ಇಲ್ಲಿ ಎಲ್ಲರೂ ವಾಕಿಂಗ್‌ಗೆ ಹಾಕುವ ರನ್ನಿಂಗ್ ಶೂನಲ್ಲೇ ಆಡುತ್ತಾರೆ. ಅದು ನೇರ ಓಟಕ್ಕೆ ಮಾಡಿದ್ದು. ಅಡಿ ದಪ್ಪ, ಮೆತ್ತಗೆ. ಪಕ್ಕಕ್ಕೆ ಜಿಗಿದಾಗ ಕಾಲು ಹೊರಳುತ್ತದೆ. ಸಿಮೆಂಟ್ ನೆಲಕ್ಕೆ ಟೆನಿಸ್ ಶೂ ಒಳ್ಳೆಯದು.

ಕುಮಟಾ ಶಟಲ್
ಬೆಳಗಿನ ಒಂದು ತಾಸಿನ ಆಟಕ್ಕೆ ಅಷ್ಟು ದುಡ್ಡಿನ ಶೂ ಯಾಕೆ? ಸುಮ್ನೆ ಖರ್ಚು.

ಅಂಕೋಲಾ ಅಕ್ಕ
ಪಾದ ಉಳುಕಿ ಮನೆಯಲ್ಲಿ ಕೂತರೆ ಅದಕ್ಕಿಂತ ಜಾಸ್ತಿ ಖರ್ಚು, ತಮ್ಮ. ಮತ್ತೆ, ಎಂಥಾ ಶೂ ಹಾಕಿದರೂ ಹಾವಸೆ ಮೇಲೆ ನಿಲ್ಲುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೆರೆದ ಕೋರ್ಟ್ ಒಣಗುವುದೇ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಷ್‌ನಿಂದ ತಿಕ್ಕಬೇಕು. ನೆಲ ಒದ್ದೆ ಇದ್ದರೆ ಆ ದಿನ ಆಟವೇ ಬೇಡ. ನಮ್ಮಂಥ ಹೆಂಗಸರು ಮುಟ್ಟು ನಿಂತ ಮೇಲೆ ಮೂಳೆ ಗಟ್ಟಿ ಇದೆಯೋ ಇಲ್ಲವೋ ಒಮ್ಮೆ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಇದನ್ನು ಮನೆಯಲ್ಲಿ ಯಾರೂ ನೆನಪಿಸುವುದಿಲ್ಲ.

ಶಿರಸಿ ಹಿಸ್ಸಾ
ಸರಿಯಾದ ಮಾತು ಅಕ್ಕ. ಕಣ್ಣಿನ ಬಗ್ಗೆಯೂ ಹೇಳಬೇಕು. ನೆಟ್‌ನ ಎರಡೂ ಕಡೆ 7 ಅಡಿಯ ಕಿಚನ್, ಅಂದರೆ ಒಳಗೆ ನಿಂತು ಪುಟಿಯದ ಚೆಂಡು ಹೊಡೆಯಬಾರದ ಜಾಗ. ಅದರ ಗೆರೆಗೆ ಬಂದು ನಿಂತರೆ ಎದುರಾಳಿ 14 ಅಡಿ ದೂರದಲ್ಲಿ ಇರುತ್ತಾರೆ. ಅಲ್ಲಿಂದ ಬಲವಾಗಿ ಹೊಡೆದ ಚೆಂಡು ಮುಖಕ್ಕೆ ಬಂದರೆ ತಪ್ಪಿಸಿಕೊಳ್ಳಲು ಸಮಯವಿಲ್ಲ. ಪಾಲಿಕಾರ್ಬೊನೇಟ್ ಕನ್ನಡಕ ಹಾಕಿ.

ಕುಮಟಾ ಶಟಲ್
ಕನ್ನಡಕ ಒಪ್ಪಿದೆ. ಶೂ ಕೂಡ ಆಗಲಿ. ಆದರೆ ದಿನ ಬಿಟ್ಟು ದಿನ ಆಡಿ ಅಂತ ಮಾತ್ರ ಹೇಳಬೇಡಿ. ದಿನಾ ಆಡಿದರೇ ಮೈ ಪಳಗುವುದು.

ಹೊನ್ನಾವರ ಫಿಸಿಯೋ
ಹೇಳಲೇಬೇಕು. ಸ್ನಾಯು ಬೇಗ ಪಳಗುತ್ತದೆ, ಹಿಮ್ಮಡಿಯ ಮೇಲಿನ ಅಖಿಲಿಸ್ ಸ್ನಾಯುರಜ್ಜು ನಿಧಾನ. ಮೊಣಕೈಯೂ ಹಾಗೇ, ಪ್ಯಾಡಲ್ ಬಿಗಿಯಾಗಿ ಹಿಡಿದು ದಿನಾ ಹೊಡೆದರೆ ಟೆನಿಸ್ ಎಲ್ಬೋ ಬರುತ್ತದೆ. ಹೊಸಬರು ವಾರಕ್ಕೆ ಮೂರು ದಿನ ಆಡಲಿ. ಉಳಿದ ದಿನ ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು, ಗೋಡೆ ಹಿಡಿದು, ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವ ವ್ಯಾಯಾಮ ಮಾಡಲಿ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ್‌ಗೆ ಆಟದ ವಿಷಯ ಹೇಳಿ. ಅದರಿಂದ ಅಖಿಲಿಸ್ ಹರಿಯುವ ಅಪಾಯ ಇದೆ, ಅರವತ್ತು ದಾಟಿದವರಿಗೆ ಜಾಸ್ತಿ.

ಕಾಳಿ ತೀರ, ಕಾರವಾರ
ನಮ್ಮ ಕೋರ್ಟಿನ ಹಿಂದೆ ಗೋಡೆ ತೀರಾ ಹತ್ತಿರ ಇದೆ. ಲಾಬ್ ಬೇಡ ಎಂದು ಗುಂಪಿನಲ್ಲಿ ಹೇಳುತ್ತೇನೆ. ದಿನಾ ಆಡುವ ಇಬ್ಬರಿದ್ದಾರೆ, ಅವರು ಕೇಳುವುದು ಕಷ್ಟ.

ಹೊನ್ನಾವರ ಫಿಸಿಯೋ
ಅವರಿಗೆ ಒಂದೇ ಹೇಳಿ. ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿ ನೋಯುತ್ತಿದ್ದರೆ, ಆ ದಿನ ಪ್ಯಾಡಲ್ ಮುಟ್ಟಬೇಡಿ.